‘ಡೋನಟ್ಸ್’ ಬಗ್ಗೆ ವಿಮರ್ಶಕರು ಏನೆಂದರು? ಬರೆಯಹೊರಟವರಿಗೆ

ಅಮೆರಿಕದ ಹಿಪ್‌ಹಾಪ್ ನಿರ್ಮಾಪಕ ಜೆ ಡಿಲ್ಲಾ ಅವರ ವಾದ್ಯಸಂಗೀತದ ಆಲ್ಬಮ್ ‘ಡೋನಟ್ಸ್’ಗೆ ಸಿಕ್ಕ ಸ್ವಾಗತದ ಬಗ್ಗೆ ಬರೆಯುವಾಗ ಮೊದಲು ವಿಮರ್ಶೆಯ ತಾರೀಖು ನೋಡಿ, ಅಂಕ ಆಮೇಲೆ. ಸ್ಟೋನ್ಸ್ ಥ್ರೋ ಎಂಬ ರೆಕಾರ್ಡ್ ಸಂಸ್ಥೆ ಆಲ್ಬಮ್ ಹೊರತಂದದ್ದು 2006ರ ಫೆಬ್ರುವರಿ 7ರಂದು, ಡಿಲ್ಲಾಗೆ 32 ತುಂಬಿದ ದಿನ. ಮೂರೇ ದಿನಕ್ಕೆ ಅವರು ತೀರಿಕೊಂಡರು. ಸಾವಿಗೆ ಮೊದಲು ಬರೆದದ್ದು, ಸುದ್ದಿ ತಿಳಿದು ಬರೆದದ್ದು, ಮರುಬಿಡುಗಡೆಗೆ ಬರೆದದ್ದು ಎಂದು ವಿಮರ್ಶೆಗಳನ್ನು ವಿಂಗಡಿಸಿ. ಮಾಸಪತ್ರಿಕೆಗಳ ಮೇಲಿನ ತಿಂಗಳನ್ನು ನಂಬಬೇಡಿ; ಅಚ್ಚಿಗೆ ವಾರಗಟ್ಟಲೆ ಮೊದಲೇ ಬರಹ ಹೋಗಿರುತ್ತದೆ. ಬರಹದೊಳಗೆ ಸಾವಿನ ಪ್ರಸ್ತಾಪವಿದೆಯೇ ನೋಡಿ.

ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ 2006ರಲ್ಲಿ ಕೊಟ್ಟದ್ದು ಹತ್ತಕ್ಕೆ 7.9. 2013ರಲ್ಲಿ ಏಳಿಂಚಿನ ರೆಕಾರ್ಡುಗಳ ಪೆಟ್ಟಿಗೆಯಾಗಿ ಬಂದಾಗ ಕೊಟ್ಟದ್ದು 10. ಸಂಗೀತ ಅದೇ. ‘ಪಿಚ್‌ಫೋರ್ಕ್ ಹತ್ತಕ್ಕೆ ಹತ್ತು ಕೊಟ್ಟಿತು’ ಎಂದಷ್ಟೇ ಬರೆದರೆ ಓದುಗ ಮೋಸಹೋಗುತ್ತಾನೆ, ಇಸವಿ ಬೇಕೇಬೇಕು.

ಹಲವು ವಿಮರ್ಶೆಗಳ ಅಂಕ ಒಟ್ಟುಗೂಡಿಸುವ ಜಾಲತಾಣ ಮೆಟಾಕ್ರಿಟಿಕ್‌ನ ಸರಾಸರಿಯನ್ನೇ ವಿಮರ್ಶಕರ ಮಾತೆಂದು ಎತ್ತಬೇಡಿ. ಅಲ್ಲಿ ಎ ಮೈನಸ್ ಎಂಬ ಶ್ರೇಣಿ ನೂರಕ್ಕೆ 91 ಆಗುತ್ತದೆ, ಬಿ ಪ್ಲಸ್ 83; ಐದರಲ್ಲಿ ನಾಲ್ಕು ನಕ್ಷತ್ರ 80. ಸಾಲದ್ದಕ್ಕೆ ಕೆಲವು ಪತ್ರಿಕೆಗಳಿಗೆ ಹೆಚ್ಚು ತೂಕ. ಮೂಲ ಶ್ರೇಣಿಯನ್ನೇ ಹುಡುಕಿ ಬರೆಯಿರಿ.

ಇನ್ನು ಕೇಳುವುದು. ಒಟ್ಟು 31 ತುಣುಕು, ಸುಮಾರು 43 ನಿಮಿಷ. ಷಫಲ್ ಆಫ್ ಮಾಡಿ, ಏಕೆಂದರೆ ಆಲ್ಬಮ್ ‘ಔಟ್ರೋ’ದಿಂದ ಶುರುವಾಗಿ ‘ಇಂಟ್ರೋ’ದಲ್ಲಿ ಮುಗಿಯುತ್ತದೆ, ಕೊನೆ ಮತ್ತೆ ಮೊದಲಿಗೆ ಕೂಡಿಕೊಳ್ಳುತ್ತದೆ. ‘ತುಣುಕುಗಳು ಅರೆಬರೆ’ ಎಂಬ ಆಕ್ಷೇಪ ಕಂಡರೆ ‘ಡೋಂಟ್ ಕ್ರೈ’ ಹಾಕಿ ಪರೀಕ್ಷಿಸಿ. ಮೊದಲು ದಿ ಎಸ್ಕಾರ್ಟ್ಸ್ ತಂಡದ ಹಳೆಯ ಸೋಲ್ ಸಂಗೀತದ ಹಾಡು ಹೆಚ್ಚುಕಡಿಮೆ ಇದ್ದಂತೆಯೇ ಹರಿಯುತ್ತದೆ. ಆಮೇಲೆ ಡಿಲ್ಲಾ ಅದೇ ಹಾಡನ್ನು ಚೂರುಚೂರು ಕತ್ತರಿಸಿ, ಬೇರೆಯದೇ ಲಯಕ್ಕೆ ಜೋಡಿಸುತ್ತಾರೆ. ಎರಡೇ ನಿಮಿಷದಲ್ಲಿ ಕಚ್ಚಾ ಮಾಲು, ಕೈಚಳಕ ಎರಡೂ ಕಿವಿಗೆ ಬೀಳುತ್ತವೆ. ಇದನ್ನು ಗಮನಿಸಿದ ವಿಮರ್ಶಕರ ಮಾತಿಗೆ ನಿಮ್ಮ ಬರಹದಲ್ಲಿ ಹೆಚ್ಚು ಜಾಗ ಕೊಡಿ; ಬರೀ ಕಣ್ಣೀರು ಕಂಡವರಿಗೆ ಒಂದು ಸಾಲು ಸಾಕು.

‘ಇಡೀ ಆಲ್ಬಮ್ ಆಸ್ಪತ್ರೆಯ ಹಾಸಿಗೆಯಲ್ಲೇ ತಯಾರಾಯಿತು’ ಎಂಬ ಮಾತು ಎಷ್ಟೋ ಬರಹಗಳಲ್ಲಿ ಸಿಗುತ್ತದೆ. ನಕಲು ಮಾಡಬೇಡಿ. ಆಲ್ಬಮ್ಮಿನ ಬುಡ ಅದಕ್ಕೂ ಮುಂಚಿನ ಒಂದು ಬೀಟ್ ಟೇಪ್, ಅಂದರೆ ಹಾಡಿಲ್ಲದ ಲಯದ ತುಣುಕುಗಳ ಸಂಗ್ರಹ; ಅದನ್ನು ಆಲ್ಬಮ್ಮಾಗಿ ಬೆಳೆಸುವಲ್ಲಿ ಸ್ಟೋನ್ಸ್ ಥ್ರೋನ ಜೆಫ್ ಜ್ಯಾಂಕ್ ಅವರ ಕೈಯೂ ಇತ್ತು. ಆ ದಂತಕಥೆಯನ್ನು ನೆಚ್ಚಿಕೊಂಡ ವಿಮರ್ಶೆಯನ್ನು ಉಲ್ಲೇಖಿಸಲೇಬೇಕಾದರೆ ಅದರ ಇಸವಿ ಹಾಕಿ, ಈ ಸಂಗತಿಯನ್ನು ಪಕ್ಕದಲ್ಲೇ ಒಂದು ವಾಕ್ಯದಲ್ಲಿ ಸೇರಿಸಿ.