ಜಾಗಟೆಯ ದನಿ ಹುಡುಕುತ್ತಾ ರೈಡ್ ಸಿಂಬಲ್ ಕೊಂಡಿದ್ದು

ಶಿವಮೊಗ್ಗದ ಸುತ್ತಮುತ್ತ ಆರತಕ್ಷತೆಗೆ, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗೆ ನಾನು ಡ್ರಮ್ಸ್ ನುಡಿಸುತ್ತೇನೆ. ಸಿಂಬಲ್ ಅಂದರೆ ಸ್ಟ್ಯಾಂಡಿನ ಮೇಲೆ ಕೂರುವ ಲೋಹದ ತಟ್ಟೆ; ಅದರಲ್ಲಿ ತಾಳವನ್ನು ಬಿಡದೆ ನುಡಿಸುತ್ತಾ ಹೋಗುವ ದೊಡ್ಡದು ರೈಡ್. ಕಿಟ್ ಜೊತೆಗೇ ಬಂದಿದ್ದ ಹಿತ್ತಾಳೆಯ ರೈಡ್ ಸಿಂಬಲ್ಲಿನಲ್ಲೇ ಆರು ವರ್ಷ ಕಳೆದೆ. ನಿಧಾನದ ಹಾಡಿಗೆ ಹೇಗೋ ನಡೆಯುತ್ತಿತ್ತು. ವೇಗ ಹೆಚ್ಚಿತೋ, ಏಟುಗಳು ಒಂದರೊಳಗೊಂದು ಕಲಸಿಹೋಗಿ ಬರೀ ಗದ್ದಲ. ತೀರ್ಥಹಳ್ಳಿಯಲ್ಲಿ ಒಮ್ಮೆ ಹಾಡುವ ಹುಡುಗಿ, "ಅಣ್ಣಾ, ಚರಣ ಬಂದಾಗ ನನ್ನ ದನಿ ನನಗೇ ಕೇಳ್ತಿಲ್ಲ" ಅಂದಳು. ಆವತ್ತೇ ಬೇರೆ ತರಬೇಕು ಅಂತ ನಿಶ್ಚಯಿಸಿದೆ.

ನಮ್ಮನೆ ದೇವರ ಕೋಣೆಯಲ್ಲಿ ಅಜ್ಜನ ಕಾಲದ ಕಂಚಿನ ಜಾಗಟೆ ಇದೆ. ಒಂದು ಏಟು ಹಾಕಿದರೆ ದನಿ ಅಡಿಕೆ ತೋಟ ದಾಟುತ್ತದೆ. ಹಿತ್ತಾಳೆ ಚೆಂಬಿಗೆ ಆ ಗುಣ ಇಲ್ಲ, ಅಲ್ವಾ? ಸಿಂಬಲ್ಲಿನ ಲೆಕ್ಕವೂ ಅದೇ. ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು ಸೇರಿಸಿದ್ದು, ಕಂಚು ಅಂದರೆ ತವರ ಸೇರಿಸಿದ್ದು. ಸಿಂಬಲ್ಲಿನ ಕಂಚಿನಲ್ಲಿ ಬಿ8 ಅಂದರೆ ನೂರಕ್ಕೆ 8 ಪಾಲು ತವರ, ಬಿ20 ಅಂದರೆ 20 ಪಾಲು. 1623ರಲ್ಲಿ ಇಸ್ತಾಂಬುಲ್‌ನಲ್ಲಿ ಶುರುವಾದ ಜಿಲ್ಜಿಯನ್ ಕಂಪನಿಯ ದುಬಾರಿ ಸಿಂಬಲ್ಲುಗಳು ಈ 20ರ ಕಂಚಿನವೇ. ಬಿ8ರ ದನಿ ಚುರುಕು, ನೇರ. ಬಿ20ರದ್ದು ತುಂಬಿಕೊಂಡ ದನಿ. ನನಗೆ ಬೇಕಿದ್ದದ್ದು ಅದು.

ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು, ನಾನು ಮತ್ತು ನಮ್ಮ ಕೀಬೋರ್ಡ್ ಗೆಳೆಯ. ನನ್ನದೇ ಕೋಲುಗಳನ್ನು ಒಯ್ದಿದ್ದೆ. ತುದಿ ಮರದ್ದೋ ನೈಲಾನಿನದೋ ಅನ್ನುವುದರ ಮೇಲೇ ದನಿ ಬದಲಾಗುತ್ತದೆ. ನೈಲಾನ್ ಆದರೆ ಇನ್ನೂ ಚೂಪು. ಅಂಗಡಿಯಲ್ಲಿ ಸುಮ್ನೆ ಒಂದು ಏಟು ಹಾಕಿ ನೋಡಿದರೆ ಯಾವುದೂ ಚೆನ್ನಾಗಿಯೇ ಕೇಳುತ್ತದೆ. ಹಾಗಾಗಿ ಐದು ರೈಡ್‌ಗಳನ್ನು ಆರಿಸಿ, ಒಂದೊಂದರಲ್ಲೂ ಎರಡೆರಡು ನಿಮಿಷ ನಿಲ್ಲಿಸದೆ ನುಡಿಸಿದೆ. ಝೇಂಕಾರ ಮೆಲ್ಲಗೆ ತುಂಬುತ್ತಾ ಹೋಗಿ ಏಟನ್ನು ನುಂಗುತ್ತದೋ ಇಲ್ಲವೋ ಅಂತ ಗೊತ್ತಾಗುವುದು ಆಗಲೇ.

20 ಇಂಚಿನ ತೆಳುವಾದದ್ದು ಸೊಗಸಾಗಿತ್ತು. ಆದರೆ ಜೋರಾಗಿ ಹೊಡೆದರೆ, ಒಂದೇ ಏಟಿಗೆ ಭಗ್ಗನೆ ಸಿಡಿಯುವ ಕ್ರ್ಯಾಶ್ ಸಿಂಬಲ್ಲಿನ ಥರ ಹರಡಿಕೊಳ್ಳುತ್ತಿತ್ತು. 22 ಇಂಚಿನ ದಪ್ಪದ್ದರಲ್ಲಿ ಏಟು ಮುತ್ತು ಪೋಣಿಸಿದ ಹಾಗೆ ಬಿಡಿಬಿಡಿ. ಅದು ನನಗೆ ತುಂಬಾ ಹಿಡಿಸಿತ್ತು. ಗೆಳೆಯನನ್ನು ಬಾಗಿಲ ಹತ್ತಿರ ನಿಲ್ಲಿಸಿದೆ. "ಮಾರಾಯ, ಅದು ಗಂಟೆ ಬಾರಿಸಿದ ಹಾಗೆ ಕೇಳ್ತದೆ. ಮೂರನೆಯದನ್ನ ಇನ್ನೊಮ್ಮೆ ನುಡಿಸು" ಅಂದ. ಮೂರನೆಯದು 20 ಇಂಚಿನ ಮೀಡಿಯಂ, ಸುಮಾರು 2,200 ಗ್ರಾಂ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಅವನು ಹೇಳಿದ್ದು ನಿಜ. ಕಿವಿಯ ಪಕ್ಕದಲ್ಲಿ ಕೊಂಚ ಒರಟು ಅನ್ನಿಸಿದ್ದು ದೂರಕ್ಕೆ ಹದವಾಗಿತ್ತು. ಹಾಡು ಕೇಳುವವರು ಇರುವುದು ದೂರದಲ್ಲೇ. ಬೆಲ್, ಅಂದರೆ ನಡುವಿನ ಉಬ್ಬು, ಅದರ ದನಿಯೂ ಖಣಖಣ ಇತ್ತು. ಕುಣಿತದ ಹಾಡಿಗೆ ನನಗೆ ಅದು ಬೇಕೇ ಬೇಕು. ಅದನ್ನೇ ಕೊಂಡೆ.

ಸ್ಟ್ಯಾಂಡಿನ ಚಿಟ್ಟೆ ನಟ್ಟನ್ನು ನಾನು ಬಿಗಿ ಮಾಡುವುದಿಲ್ಲ. ಸಿಂಬಲ್ ತೂಗಾಡಬೇಕು, ಇಲ್ಲದಿದ್ದರೆ ಬಿರುಕು ಬಿಡುವ ಭಯ. ಸಿಂಬಲ್ಲಿನ ತೂತಿಗೆ ಸ್ಟ್ಯಾಂಡಿನ ಕಂಬಿ ಉಜ್ಜದಂತೆ ತೊಡಿಸಿದ ಪ್ಲಾಸ್ಟಿಕ್ ಕೊಳವೆ ಸವೆದರೆ ತಕ್ಷಣ ಬದಲಿಸುತ್ತೇನೆ. ನಮ್ಮ ಮಳೆಗಾಲದಲ್ಲಿ ಬೆರಳಿನ ಗುರುತೇ ಹಸಿರು ಕಲೆಯಾಗುತ್ತದೆ, ಅದಕ್ಕೇ ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿಯೇ ಚೀಲಕ್ಕೆ ಹಾಕುವುದು. ಮೊನ್ನೆ ಅಮ್ಮ ಜಾಗಟೆ ತೊಳೆಯುವಾಗ, "ನಿನ್ನದನ್ನೂ ಕೊಡು, ಹುಣಸೆಹಣ್ಣು ಹಾಕಿ ತಿಕ್ಕಿಕೊಡ್ತೀನಿ" ಅಂದರು. ಹುಳಿ ತಾಗಿದರೆ ಮೇಲೆ ಅಚ್ಚು ಹಾಕಿದ ಹೆಸರೂ ಹೋಗುತ್ತದೆ, ವರ್ಷಗಟ್ಟಲೆ ಮಾಗಿ ಕೂತ ಬಣ್ಣವೂ ಹೋಗುತ್ತದೆ. ಬೇಡಮ್ಮ ಅಂದೆ.