ಟ್ರೆಬುಶೆ ಮೆಕ್ಕಿಗೆ 7 ಹೆಕ್ಸ್ ಅಳತೆ
ಹುಬ್ಬಳ್ಳಿ-ಧಾರವಾಡದ ಬ್ಯಾಟಲ್‌ಟೆಕ್ (ಯುದ್ಧದ ಬೋರ್ಡ್ ಗೇಮ್) ಗೆಳೆಯರೇ, ಟ್ರೆಬುಶೆಯಂಥ 50 ಟನ್ ಮಿಸೈಲ್ ಮೆಕ್ಕನ್ನು (ಮೆಕ್ ಅಂದರೆ ಪೈಲಟ್ ಕೂತು ನಡೆಸುವ ದೈತ್ಯ ಯುದ್ಧಯಂತ್ರ) ಮ್ಯಾಪಿನ ಮೂಲೆಯಲ್ಲಿ ನಿಲ್ಲಿಸಬೇಡಿ. ನಿಮ್ಮದೇ ಹೆವಿ (ಹೆಚ್ಚು ತೂಕದ) ಮೆಕ್ಕಿನ ಹಿಂದೆಯೇ ನಡೆಸಿ, ಗುರಿಗೆ ಸರಿಯಾಗಿ 7 ಹೆಕ್ಸ್ (ಮ್ಯಾಪಿನ ಆರು ಮೂಲೆಯ ಮನೆ) ದೂರದಲ್ಲಿ ತಂದು ನಿಲ್ಲಿಸಿ. ಮುಂದಿರುವ ಮೆಕ್ ನಿಮ್ಮ ನೋಟಕ್ಕೆ ಅಡ್ಡ ಬರುವುದಿಲ್ಲ. ಎಲ್‌ಆರ್‌ಎಂಗೆ (ದೂರ ಹೊಡೆಯುವ ಮಿಸೈಲಿಗೆ) 6 ಹೆಕ್ಸ್‌ನಿಂದ ಒಳಗೆ ಬಂದರೂ ಪೆನಾಲ್ಟಿ, ಅಂದರೆ ದಾಳದಲ್ಲಿ ಬೇಕಾದ ಅಂಕ ಏರುತ್ತದೆ, 8ರಿಂದ ಆಚೆ +2, 15ರಿಂದ +4. ಏಳರಲ್ಲಿ ಯಾವುದೂ ಇಲ್ಲ. ಲೆಕ್ಕ ನೋಡಿ: ಗನ್ನರಿ (ಪೈಲಟ್ ಗುರಿಯಿಡುವ ಕೌಶಲದ ಅಂಕ) 4, ನೀವು ನಡೆದಿದ್ದಕ್ಕೆ 1, ಎದುರಾಳಿ 5-6 ಹೆಕ್ಸ್ ಸರಿದಿದ್ದಕ್ಕೆ 2. ಎರಡು ದಾಳದಲ್ಲಿ 7 ಅಥವಾ ಹೆಚ್ಚು ಬಿದ್ದರೆ ಸಾಕು, ಅಂದರೆ 36ಕ್ಕೆ 21 ಅವಕಾಶ. ಅದೇ ಗುರಿ 15 ಹೆಕ್ಸ್ ಆಚೆ ಇದ್ದರೆ 11 ಬೇಕು, 36ಕ್ಕೆ ಬರೀ 3. ಟ್ರೆಬುಶೆಯ 5ಎನ್ ಮಾದರಿಯಲ್ಲಿ ಒಂದೊಂದು ಲಾಂಚರಿಗೆ ಇರುವುದೇ 8 ಸಲದ ಮದ್ದು, ಅದನ್ನು ಸುಮ್ನೆ ಖರ್ಚು ಮಾಡೋದು ಯಾಕೆ? ಹೆವಿ ಮೆಕ್ ಆಗಲೇ ಆರ್ಮರ್ ಒಡೆದಿರುವ ಗುರಿಯನ್ನೇ ಆರಿಸಿ. ಮಿಸೈಲುಗಳು ಐದೈದರ ಗುಂಪಾಗಿ ಮೈತುಂಬಾ ಚದುರಿ ಬೀಳುತ್ತವೆ, ಒಂದು ಗುಂಪಾದರೂ ಬಯಲಾದ ಜಾಗಕ್ಕೆ ತಾಗುವ ಸಾಧ್ಯತೆ ಜಾಸ್ತಿ. ಕ್ರಿಟಿಕಲ್ (ಒಳಗಿನ ಭಾಗ ಕೆಡಿಸುವ ಏಟು) ಸಿಗೋದು ಅಲ್ಲೇ ಅಲ್ವಾ. ಎದುರಿಗೆ ಜೆನ್ನರ್ ಎಂಬ ಹಗುರ, ವೇಗದ ಮೆಕ್ ಇದ್ದರೆ ಈ ಉಪಾಯ ನಡೆಯೋದಿಲ್ಲ. ಅದು ಓಡಿದರೆ 11 ಹೆಕ್ಸ್, ನಿಮ್ಮದು 8. ಬೆನ್ನಿಗೆ ಬಂದೇ ಬರುತ್ತದೆ. ಆಗ ಎಲ್‌ಆರ್‌ಎಂ ಬಿಟ್ಟು ಮೂರು ಮೀಡಿಯಂ ಲೇಸರ್ ಹೊಡೆಯಿರಿ. ಊಟದ ಟೇಬಲ್ ಮೇಲೆ 15×17ರ ಒಂದೇ ಮ್ಯಾಪ್ ಹಾಕಿ ಆಡುವಾಗಲೂ ದೂರ ಉಳಿಯೋದು ಕಷ್ಟ. ಎರಡು ಮ್ಯಾಪ್ ಜೋಡಿಸಿ.