ಕೃತಕ ರಕ್ತನಾಳ ಮಾಯುವುದು ಹೇಗೆ? ಹೆಪ್ಪುಗಟ್ಟುವಿಕೆ ಎಷ್ಟು ಬೇಕು, ಎಷ್ಟು ಬೇಡ?

ಡಯಾಲಿಸಿಸ್ ಅಗತ್ಯವಿರುವವರ ಸ್ವಂತ ರಕ್ತನಾಳಗಳು ಫಿಸ್ಟುಲಾಕ್ಕೆ, ಅಂದರೆ ಅಪಧಮನಿಯನ್ನು ಅಭಿಧಮನಿಗೆ ನೇರವಾಗಿ ಜೋಡಿಸುವುದಕ್ಕೆ, ಹೊಂದದಿದ್ದಾಗ, ಶಸ್ತ್ರವೈದ್ಯರು ತೋಳಿನ ಅಪಧಮನಿಗೂ ಅಭಿಧಮನಿಗೂ ನಡುವೆ, ಚರ್ಮದ ಅಡಿಯಲ್ಲಿ, ಸಾಮಾನ್ಯವಾಗಿ 6 ಮಿಲಿಮೀಟರ್ ವ್ಯಾಸದ, ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್‌ನ ಕೊಳವೆಯನ್ನು ಜೋಡಿಸುತ್ತಾರೆ. ಇದನ್ನೇ ಗ್ರಾಫ್ಟ್ ಎನ್ನುವುದು. ಅದು ಉಳಿಯುವುದೂ ಮುಚ್ಚಿಹೋಗುವುದೂ ಬಹುಮಟ್ಟಿಗೆ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಅವಲಂಬಿಸಿದೆ.

ಮೊದಲ ಹಂತ ಕ್ಷಣಗಳಲ್ಲೇ ನಡೆಯುತ್ತದೆ. ರಕ್ತ ಹರಿಯತೊಡಗಿದೊಡನೆ ಫೈಬ್ರಿನೋಜೆನ್ ಮುಂತಾದ ಪ್ರೋಟೀನುಗಳು ಕೊಳವೆಯ ಒಳಗೋಡೆಗೆ ಅಂಟುತ್ತವೆ, ಅವುಗಳ ಮೇಲೆ ಪ್ಲೇಟ್‌ಲೆಟ್‌ಗಳು ಕೂರುತ್ತವೆ, ಫೈಬ್ರಿನ್ ಎಳೆಗಳ ತೆಳು ಪದರ ಹರಡುತ್ತದೆ. ಇಷ್ಟು ಹೆಪ್ಪು ಅಪಾಯವಲ್ಲ. ಡೇಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನಿಂದ ಹೆಣೆದ ಕೊಳವೆಗಳ ರಂಧ್ರಗಳಿಂದ ರಕ್ತ ಸೋರದಿರಲೆಂದು ಶಸ್ತ್ರವೈದ್ಯರು ಹಿಂದೆ ರೋಗಿಯ ರಕ್ತದಲ್ಲೇ ಅವನ್ನು ನೆನೆಸಿ ಬೇಕೆಂದೇ ಹೆಪ್ಪುಗಟ್ಟಿಸುತ್ತಿದ್ದರು. ಈಗ ಕಾರ್ಖಾನೆಯಲ್ಲೇ ಕೊಲಾಜೆನ್ ಅಥವಾ ಜೆಲಾಟಿನ್ ಲೇಪಿಸಿರುತ್ತಾರೆ.

ಮುಂದಿನ ವಾರಗಳಲ್ಲಿ ಸುತ್ತಲಿನ ಅಂಗಾಂಶ ಕೊಳವೆಯ ಹೊರಮೈಗೆ ಹಿಡಿದುಕೊಳ್ಳುತ್ತದೆ. ಅದಕ್ಕೂ ಮೊದಲೇ ಡಯಾಲಿಸಿಸ್‌ಗಾಗಿ ಸೂಜಿ ಚುಚ್ಚಿದರೆ ಸುತ್ತ ರಕ್ತ ಸೋರಿ ಶೇಖರವಾಗಬಹುದಾದ್ದರಿಂದ, ಸಾಮಾನ್ಯ ಗ್ರಾಫ್ಟ್‌ಗಳಿಗೆ ಎರಡು-ಮೂರು ವಾರ ಕಾಯುತ್ತಾರೆ.

ನಿಜವಾದ ತೊಡಕು ಒಳಮೈಯಲ್ಲಿದೆ. ಸಹಜ ರಕ್ತನಾಳದೊಳಗಿನ ಎಂಡೋಥೀಲಿಯಂ ಎಂಬ ಜೀವಕೋಶಗಳ ಪದರ ಹೆಪ್ಪನ್ನು ತಡೆಯುತ್ತದೆ. ಮನುಷ್ಯರಲ್ಲಿ ಅದು ಹೊಲಿಗೆಯ ಅಂಚಿನಿಂದ ಒಂದೆರಡು ಸೆಂಟಿಮೀಟರ್ ಮಾತ್ರ ಗ್ರಾಫ್ಟ್‌ನೊಳಕ್ಕೆ ಬೆಳೆದು ನಿಲ್ಲುತ್ತದೆ. ನಡುಭಾಗ ವರ್ಷಗಟ್ಟಲೆ ಫೈಬ್ರಿನ್ ಪದರದಲ್ಲೇ ಉಳಿಯುತ್ತದೆ. ಹಲವು ಪ್ರಾಣಿಗಳಲ್ಲಿ ಈ ಹೊದಿಕೆ ಇನ್ನೂ ಚೆನ್ನಾಗಿ ಬೆಳೆಯುವುದರಿಂದ, ಪ್ರಾಣಿಪ್ರಯೋಗದ ಯಶಸ್ಸನ್ನು ನೇರವಾಗಿ ನಂಬುವುದು ಕಷ್ಟ.

ಇನ್ನೊಂದೆಡೆ, ಅಭಿಧಮನಿಗೆ ಸೇರಿಸಿದ ಜಾಗದಲ್ಲಿ, ಪ್ಲೇಟ್‌ಲೆಟ್‌ಗಳು ಬಿಡುಗಡೆ ಮಾಡುವ ಬೆಳವಣಿಗೆಯ ಅಂಶಗಳು ಮತ್ತು ರಭಸದ ಹರಿವಿನ ಒತ್ತಡದಿಂದ ಸ್ನಾಯುಕೋಶಗಳು ವೃದ್ಧಿಸಿ ದಾರಿ ಕಿರಿದಾಗುತ್ತದೆ. ಹರಿವು ತಗ್ಗಿದರೆ ಹೆಪ್ಪು ಇಡೀ ಕೊಳವೆಯನ್ನು ತುಂಬಬಹುದು. ದೊಡ್ಡ ಮಹಾಪಧಮನಿಯ ಗ್ರಾಫ್ಟ್‌ಗಳು ರಭಸದ ಹರಿವಿನಿಂದ ತಡೆದುಕೊಳ್ಳುತ್ತವೆ. 6 ಮಿಲಿಮೀಟರ್‌ಗಿಂತ ಸಣ್ಣವು ಬೇಗ ಮುಚ್ಚುತ್ತವೆ.

ಆದ್ದರಿಂದ ರೋಗಿ ದಿನವೂ ಗ್ರಾಫ್ಟ್ ಮೇಲೆ ಬೆರಳಿಟ್ಟು ಥ್ರಿಲ್ ಎಂಬ ಕಂಪನವನ್ನು ಪರೀಕ್ಷಿಸಬೇಕು. ಆ ಕೈಯಲ್ಲಿ ಬಿಪಿ ನೋಡಿಸಬಾರದು, ಬಿಗಿಯಾದ ಬಳೆ, ವಾಚು ಧರಿಸಬಾರದು, ಅದರ ಮೇಲೆ ಭಾರ ಹಾಕಿ ಮಲಗಬಾರದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ಆರಂಭಿಸುವುದೂ ನಿಲ್ಲಿಸುವುದೂ ಸರಿಯಲ್ಲ. ಕಂಪನ ನಿಂತರೆ ಮುಂದಿನ ಡಯಾಲಿಸಿಸ್ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ತಿಳಿಸಬೇಕು. ಅಲ್ಲಿ ಹೆಪ್ಪನ್ನು ತೆಗೆಯುವುದರ ಜೊತೆಗೆ ಕಿರಿದಾದ ಜಾಗವನ್ನು ಬಲೂನಿನಿಂದ ಹಿಗ್ಗಿಸುವುದೂ ಮುಖ್ಯ, ಇಲ್ಲವಾದರೆ ಅದೇ ಕೊಳವೆ ಮತ್ತೆ ಮುಚ್ಚುವ ಸಾಧ್ಯತೆ ಹೆಚ್ಚು.